ಆಟಿಯ ಲೆಕ್ಕ

ಕುಸುಮ ಹಾಲಿನ ಕ್ಯಾನನ್ನು ಮೇಜಿನ ಮೇಲೆ ಇಟ್ಟದ್ದಲ್ಲ, ಕುಕ್ಕಿದ್ದು. ಕುಕ್ಕಿದ ರಭಸಕ್ಕೆ ಮುಚ್ಚಳ ಕಳಚಿ ಕೀಬೋರ್ಡಿನ ಪಕ್ಕ ಬಿತ್ತು, ಒಡೆದ ಹಾಲಿನ ಹುಳಿ ವಾಸನೆ ಕೋಣೆ ತುಂಬಿತು. ಮೂಡುಬಿದಿರೆ ಪೇಟೆಯ ಆ ಮಹಡಿ ಕಚೇರಿಗೆ ಕಾಂಟ್ರಾಕ್ಟರುಗಳು ಬರುತ್ತಿದ್ದರು, ಫೈಲುಗಳು ಬರುತ್ತಿದ್ದವು. ಹಾಲು ಬಂದದ್ದು ಅದೇ ಮೊದಲು.

"ಸಾಧನಾ ಅಂದ್ರೆ ನೀವಾ?" ಎಂದು ಅವಳು ಕೇಳಿದಳು. ಸಾಧನಾ ಹೌದೆಂದಳು. "ಇದು ನಿಮ್ಮ ರಿಪೋರ್ಟು. ಮೂಸಿ ನೋಡಿ."

ಬೆಳ್ತಂಗಡಿ ತಾಲೂಕಿನ ನೆಲ್ಲಿಪಲ್ಕೆ ಎಂಬ ಊರಿನ ಹಾಲಿನ ಸೊಸೈಟಿಗೆ ಕುಸುಮ ಕಾರ್ಯದರ್ಶಿ. ಎರಡು ಬಸ್ಸು ಬದಲಿಸಿ, ಕಂಡಕ್ಟರನ ಬಾಯಿಯಿಂದ ಬೈಸಿಕೊಂಡು, ಆ ಕ್ಯಾನನ್ನು ಕಾಲಿನ ನಡುವೆ ಹಿಡಿದುಕೊಂಡು ಬಂದಿದ್ದಳು. ಕತೆ ದೊಡ್ಡದೇನಲ್ಲ. ಬೆಳಿಗ್ಗೆ ಊರಿನ ಹೆಂಗಸರು ಹಾಲು ತಂದು ಸೊಸೈಟಿಯ ಕೂಲರಿಗೆ ಸುರಿಯುತ್ತಾರೆ, ಮಧ್ಯಾಹ್ನದ ಮೇಲೆ ಟ್ಯಾಂಕರ್ ಬಂದು ಒಯ್ಯುತ್ತದೆ. ಅಷ್ಟು ಹೊತ್ತು ಹಾಲು ತಣ್ಣಗಿರಬೇಕು. ತಣ್ಣಗಿರಬೇಕಾದರೆ ಕೂಲರಿನ ಕಂಪ್ರೆಸರ್ ಓಡಬೇಕು, ಅದು ಓಡಬೇಕಾದರೆ ವೋಲ್ಟೇಜ್ ಬೇಕು. ಈಗ ಮದುವೆ ಇದ್ದ ದಿನವೆಲ್ಲ ವೋಲ್ಟೇಜ್ ಬಿದ್ದುಹೋಗುತ್ತಿತ್ತು. ಮದುವೆ ನೆಲ್ಲಿಪಲ್ಕೆಯಲ್ಲಲ್ಲ. ಏಳೆಂಟು ಕಿಲೋಮೀಟರ್ ಆಚೆ, ಬಂಟ್ವಾಳದ ಕಡೆಯ ದಾರಿಯಲ್ಲಿ, ಗಲ್ಫಿನಿಂದ ಬಂದ ರಮಾನಾಥ ಶೆಟ್ರು ಕಟ್ಟಿಸಿದ ಹೊಸ ಎಸಿ ಹಾಲ್‌ನಲ್ಲಿ. ಎರಡೂ ಒಂದೇ ಫೀಡರಿನಲ್ಲಿ, ಅಂದರೆ ಸಬ್‌ಸ್ಟೇಷನ್ನಿನಿಂದ ಹೊರಟ ಒಂದೇ ಲೈನಿನಲ್ಲಿ ಇದ್ದವು. ಹಾಲ್ ನಡುವಿನಲ್ಲಿ, ನೆಲ್ಲಿಪಲ್ಕೆ ಬಾಲದಲ್ಲಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಇನ್ನೊಂದು ಸಲ ಹಾಲು ವಾಪಸು ಬಂದರೆ ಕೂಲರನ್ನೇ ಕಿತ್ತು ಬೇರೆ ಊರಿಗೆ ಕೊಡುವುದಾಗಿ ಹಾಲು ಒಕ್ಕೂಟದ ಮೇಲಿನವರು ಹೇಳಿದ್ದರಂತೆ. ಕೂಲರ್ ಹೋದರೆ ಟ್ಯಾಂಕರ್ ಬರುವುದಿಲ್ಲ, ಟ್ಯಾಂಕರ್ ಬರದಿದ್ದರೆ ಸೊಸೈಟಿ ಇಲ್ಲ. ಲೈನಿನ ಆಫೀಸಿಗೆ ಹೋಗಿ ಕೇಳಿದರೆ, ಹಾಲ್‌ಗೆ ಕರೆಂಟು ಕೊಡುವ ಮೊದಲು ಕಂಪ್ಯೂಟರಿನಲ್ಲಿ ಅಧ್ಯಯನ ಆಗಿದೆ, ನಿಮ್ಮೂರಿಗೆ ಏನೂ ತೊಂದರೆ ಇಲ್ಲವೆಂದು ಬಂದಿದೆ, ಮಾಡಿದವರು ಮೂಡುಬಿದಿರೆಯ ಸಾಧನಾ ಎಂಬವರು ಎಂದು ಹೇಳಿ ಕಳಿಸಿದ್ದರು.

ಒಳಗಿನ ಕೋಣೆಯಿಂದ ಭರತರಾಜರು ಬಂದರು. ಕರೆಂಟಿನ ಲೈನುಗಳ ಲೆಕ್ಕ ಮಾಡಿ ರಿಪೋರ್ಟು ಕೊಡುವ ಆ ಕಚೇರಿ ಅವರದ್ದು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಬಹಳ ವರ್ಷ ಪಾಠ ಮಾಡಿ ನಿವೃತ್ತರಾದವರು, ಬಸದಿಯ ಮೊಕ್ತೇಸರರು, ಬಿಳಿ ಅಂಗಿಗೆ ಒಂದು ಮಡಿಕೆಯೂ ಬೀಳದ ಮನುಷ್ಯ. ಸಾಧನಾಳಿಗೆ ಕಾಲೇಜಿನಲ್ಲಿ ಗುರು, ಈಗ ಧಣಿ. ಅವರು ಕ್ಯಾನನ್ನು ನೋಡಿದರು, ಕುಸುಮಳನ್ನು ಕುಳ್ಳಿರಿಸಿದರು, ನೀರು ತರಿಸಿದರು. ಆಮೇಲೆ ಬಹಳ ಸಮಾಧಾನದಿಂದ, ನಿಮ್ಮ ಕಂಪ್ರೆಸರ್ ಹಳತಾಗಿರಬೇಕು, ಒಬ್ಬ ಒಳ್ಳೆ ಮೆಕ್ಯಾನಿಕ್ಕಿಗೆ ತೋರಿಸಿ ಎಂದರು. ಕುಸುಮ ಅವರ ಮುಖವನ್ನೇ ನೋಡುತ್ತಾ ನೀರು ಕುಡಿದಳು, ಲೋಟ ಕೆಳಗಿಟ್ಟಳು, ಎದ್ದು ಹೋದಳು. ಕ್ಯಾನನ್ನು ಒಯ್ಯಲಿಲ್ಲ.

ಸಾಧನಾಳಿಗೆ ಮೊದಲು ಬಂದದ್ದು ಕುಸುಮಳ ಮೇಲೆಯೇ ಸಿಟ್ಟು. ತಾನು ಮೂರು ಸಲ ನೋಡಿ ಮಾಡಿದ ಲೆಕ್ಕ ಅದು. ಬಂದು ಮುಖಕ್ಕೆ ಹೊಡೆದ ಹಾಗೆ ಮಾತಾಡುವುದೆಂದರೇನು? ಕಿಟಕಿ ತೆರೆದು, ಕ್ಯಾನಿನ ಮುಚ್ಚಳ ಹಾಕಿ, ಹಳೆಯ ಮಾಡೆಲನ್ನು ತೆರೆದಳು. ತೋರಿಸಿಯೇ ಬಿಡುತ್ತೇನೆ ಎಂಬ ಹಟ.

ಕಂಪ್ಯೂಟರಿನಲ್ಲಿ ಇಡೀ ಫೀಡರು ಗೆರೆ ಚುಕ್ಕಿಗಳಾಗಿ ಮಲಗಿತ್ತು. ಸಬ್‌ಸ್ಟೇಷನ್, ಕವಲುಗಳು, ಒಂದೊಂದು ಊರಿಗೆ ಒಂದೊಂದು ಚುಕ್ಕಿ. ಸೆನ್ಸಿಟಿವಿಟಿ ಅನಾಲಿಸಿಸ್ ಎಂದರೆ ಹೆಸರು ದೊಡ್ಡದು, ಕೆಲಸ ಸಣ್ಣದು. ಒಂದು ಚುಕ್ಕಿಯಲ್ಲಿ ಹೊರೆಯನ್ನು ಚೂರೇ ಚೂರು ಹೆಚ್ಚಿಸುವುದು, ಉಳಿದ ಚುಕ್ಕಿಗಳಲ್ಲಿ ವೋಲ್ಟೇಜ್ ಎಷ್ಟೆಷ್ಟು ಇಳಿಯಿತೆಂದು ನೋಡುವುದು. ಒಬ್ಬ ಸ್ವಿಚ್ ಹಾಕಿದರೆ ಪೆಟ್ಟು ಯಾರಿಗೆ, ಎಷ್ಟು ಎಂಬ ಲೆಕ್ಕ ಅಷ್ಟೇ. ಅವಳು ಹಾಲ್‌ನ ಚುಕ್ಕಿಗೆ ಒಂದು ಎಸಿ ಮೆಷಿನಿನಷ್ಟು ಹೊರೆ ಸೇರಿಸಿದಳು. ನೆಲ್ಲಿಪಲ್ಕೆಯಲ್ಲಿ ಮೂರು ವೋಲ್ಟ್ ಇಳಿಯಿತು. ಹಾಲ್‌ನಲ್ಲಿ ಇದ್ದದ್ದು ನಾಲ್ಕು ಮೆಷಿನು. ಎಲ್ಲ ಹಾಕಿದರೂ ಹನ್ನೆರಡು. ಇನ್ನೂರ ಮೂವತ್ತು ಇರಬೇಕಾದಲ್ಲಿ ಇನ್ನೂರ ಹದಿನೈದಕ್ಕಿಂತ ಕೆಳಗೆ ಹೋಗುವುದೇ ಇಲ್ಲ. ಲೆಕ್ಕ ಸರಿಯೇ ಇತ್ತು.

ಲೆಕ್ಕ ಸರಿ ಇದ್ದರೆ ಈ ಹಾಲು ಯಾಕೆ ಒಡೆಯಿತು?

ಅವಳು ಬುಡಕ್ಕೆ ಹೋದಳು. ಚೂರು ಹೆಚ್ಚಿಸುವ ಮೊದಲು ಫೀಡರಿನ ಮೇಲೆ ಈಗಾಗಲೇ ಎಷ್ಟು ಹೊರೆ ಉಂಟು ಎಂದು ಸಾಫ್ಟ್‌ವೇರಿಗೆ ಹೇಳಬೇಕಲ್ಲ, ಆ ಅಂಕಿಗಳನ್ನು ತೆಗೆದು ನೋಡಿದಳು. ಸಬ್‌ಸ್ಟೇಷನ್ನಿನ ಮೀಟರಿನಿಂದ ತಾನೇ ರೈನ್‌ಕೋಟ್ ಹಾಕಿಕೊಂಡು ಹೋಗಿ ಇಳಿಸಿಕೊಂಡು ಬಂದದ್ದು. ಆ ಮೀಟರಿನ ನೆನಪು ಒಂದೆರಡು ತಿಂಗಳಷ್ಟೇ, ಹಿಂದಿನದನ್ನು ಅದು ಅಳಿಸಿಬಿಡುತ್ತದೆ. ಅವಳು ಹೋದದ್ದು ಆಟಿಯಲ್ಲಿ, ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳಲ್ಲಿ.

ಅವಳ ಕೈ ಮೌಸಿನ ಮೇಲೆಯೇ ನಿಂತಿತು.

ತುಳುನಾಡಿನಲ್ಲಿ ಹುಟ್ಟಿದವರಿಗೆ ಆಟಿಯೆಂದರೆ ಏನೆಂದು ಬಿಡಿಸಿ ಹೇಳಬೇಕೆ? ಮೇ ತಿಂಗಳ ಕೊನೆಯ ಪತ್ತನಾಜೆ ಕಳೆದರೆ ಭೂತಕೋಲವಿಲ್ಲ, ಕಂಬಳವಿಲ್ಲ, ಯಕ್ಷಗಾನದ ಆಟವಿಲ್ಲ, ಗೆಜ್ಜೆ ಬಿಚ್ಚಿಟ್ಟ ಹಾಗೆ. ಮದುವೆ ಹಾಲ್‌ಗಳಿಗೆ ಬೀಗ. ತೋಟದ ಪಂಪುಗಳಿಗೆ ಮಳೆಯೇ ರಜೆ ಕೊಡುತ್ತದೆ. ಆಟಿ ಬಂತೆಂದರೆ ಜಿಲ್ಲೆಗೆ ಜಿಲ್ಲೆಯೇ ಕಂಬಳಿ ಹೊದ್ದು ಮಲಗುತ್ತದೆ. ಹಾಗೆ ಮಲಗಿದವನ ನಾಡಿ ಹಿಡಿದು, ಇವನು ಓಡಬಲ್ಲ ಎಂದು ಬರೆದುಕೊಟ್ಟ ಹಾಗಿತ್ತು ಆ ರಿಪೋರ್ಟು.

ಮೋಸವೇನಾದರೂ ಆಗಿದ್ದರೆ ಅವಳ ಸಿಟ್ಟಿಗೆ ಒಂದು ದಾರಿಯಾದರೂ ಇರುತ್ತಿತ್ತು. ಮೋಸವಲ್ಲ, ಪದ್ಧತಿ. ಆ ಕಚೇರಿಯಲ್ಲಿ ಅಳತೆಗೆ ಹೋಗುವುದು ಆಟಿಯಲ್ಲಿಯೇ, ಯಾಕೆಂದರೆ ಆಗ ಮಾತ್ರ ಎಲ್ಲರಿಗೂ ಬಿಡುವು. ಪತ್ತನಾಜೆಗೆ ಮೊದಲು ಯಾರಿಗೆ ಪುರುಸೊತ್ತು ಉಂಟು? ಇಂದು ಒಂದು ಮದುವೆ, ನಾಳೆ ಒಂದು ಗೃಹಪ್ರವೇಶ, ನಾಡಿದ್ದು ಭೂತದ ನೇಮ. ಭರತರಾಜರಿಗೆ ದಿನಕ್ಕೆ ಎರಡು ಮೂರು ಕಡೆ ಊಟ. ಡ್ರೈವರ್ ರಜೆ, ಲೈನಿನವರು ರಜೆ. ಸಾಧನಾ ಕೂಡ ಹೋದ ವರ್ಷ ಮೇ ತಿಂಗಳಲ್ಲಿ ಸೋದರತ್ತೆಯ ಮಗಳ ಮದುವೆಯೆಂದು ಐದು ದಿನ ಕಚೇರಿಯ ಮುಖ ನೋಡಿರಲಿಲ್ಲ. ಊರು ಎಚ್ಚರವಿರುವಾಗ ಅಳೆಯುವವರೆಲ್ಲ ಊಟಕ್ಕೆ ಕೂತಿರುತ್ತಿದ್ದರು. ಅಳೆಯಲು ಹೊರಟಾಗ ಊರು ಮಲಗಿರುತ್ತಿತ್ತು. ಇಷ್ಟು ಓದಿದವರು, ಇಷ್ಟು ದುಬಾರಿಯ ಸಾಫ್ಟ್‌ವೇರು, ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಅವಳು ಅಂದಾಜಿನಿಂದಲೇ ತೋಟದ ಪಂಪುಗಳನ್ನೆಲ್ಲ ಆನ್ ಮಾಡಿದಳು, ಮನೆಗಳಲ್ಲಿ ಫ್ಯಾನು ತಿರುಗಿಸಿದಳು. ಆಮೇಲೆ ಹಾಲ್‌ಗೆ ಅದೇ ಒಂದು ಮೆಷಿನು ಸೇರಿಸಿದಳು. ನೆಲ್ಲಿಪಲ್ಕೆ ಮೂರಲ್ಲ, ಐದು ವೋಲ್ಟ್ ಇಳಿಯಿತು. ಎರಡನೆಯದಕ್ಕೆ ಏಳು. ನಾಲ್ಕನೆಯದನ್ನು ಸೇರಿಸುವಾಗ ಹತ್ತು ದಾಟಿತು. ಹೊರೆ ಅಷ್ಟೇ, ಪೆಟ್ಟು ಮಾತ್ರ ಬೆಳೆಯುತ್ತಾ ಹೋಗುತ್ತಿತ್ತು. ಖಾಲಿ ಬಸ್ಸಿಗೆ ಒಬ್ಬ ಹತ್ತಿದರೆ ಯಾರಿಗೂ ಗೊತ್ತಾಗುವುದಿಲ್ಲ. ತುಂಬಿದ ಬಸ್ಸಿಗೆ ನಡುವಿನ ಸ್ಟಾಪಿನಲ್ಲಿ ಒಬ್ಬ ನುಗ್ಗಿದರೆ ಫುಟ್‌ಬೋರ್ಡಿನಲ್ಲಿ ನೇತಾಡುವವನು ರಸ್ತೆಗೆ ಬೀಳುತ್ತಾನೆ. ನೆಲ್ಲಿಪಲ್ಕೆ ಆ ಫುಟ್‌ಬೋರ್ಡಿನಲ್ಲಿತ್ತು. ತಾನು ಖಾಲಿ ಬಸ್ಸನ್ನು ನೋಡಿ ಜಾಗ ಉಂಟು ಎಂದು ಬರೆದಿದ್ದಳು.

ಭರತರಾಜರು ಕೂತು ಕೇಳಿದರು, ಸ್ಕ್ರೀನನ್ನೂ ನೋಡಿದರು. ಪಂಪುಗಳ ಅಂಕಿ ಎಲ್ಲಿಂದ ತಂದೆ ಎಂದು ಕೇಳಿದರು. ಅಂದಾಜು ಎಂದಳು. ಅಂದಾಜನ್ನು ನಂಬಿ ಕಚೇರಿಯ ಹೆಸರು ಹಾಕಲಿಕ್ಕೆ ಆಗುವುದಿಲ್ಲ, ಅಳೆದದ್ದು ಅಳೆದದ್ದೇ, ಅಂದಾಜು ಅಂದಾಜೇ ಎಂದರು. ಹಾಗಾದರೆ ಈಗಲೇ ಹೋಗಿ ಅಳೆಯುವ, ಈಗಲೇ ಅಲ್ಲವೇ ಸೀಸನ್ ಎಂದಳು. ಅವರು ನಕ್ಕರು. ಈ ಮುಹೂರ್ತದ ಗಲಾಟೆಯಲ್ಲಿ ಯಾರು ಬರ್ತಾರೆ, ಆಟಿ ಬರಲಿ ಎಂದರು. ಅದಕ್ಕಿಂತ, ರಮಾನಾಥ ಶೆಟ್ರು ಹಾಲ್‌ನ ಪಕ್ಕದಲ್ಲಿ ಇನ್ನೊಂದು ಸಣ್ಣ ಹಾಲ್ ಕಟ್ಟಿಸುತ್ತಿದ್ದಾರೆ, ಅದಕ್ಕೂ ಎಸಿ, ಹಳೆಯ ಮಾಡೆಲಿನಲ್ಲೇ ಅಂಕಿ ಬದಲಿಸಿ ರಿಪೋರ್ಟು ಮುಗಿಸು, ಪತ್ತನಾಜೆಯ ಒಳಗೆ ಕೊಡಬೇಕು ಎಂದರು. ಹೋಗುವಾಗ ಬಾಗಿಲಲ್ಲಿ ನಿಂತು, "ಆದೀಶನ ಮದುವೆಗೆ ಹಾಲ್ ಸಿಕ್ಕಿದ್ದು ಶೆಟ್ರು ನನ್ನ ಮಾತಿಗೆ ಬೆಲೆ ಕೊಟ್ಟದ್ದರಿಂದ. ನೆನಪಿರಲಿ" ಎಂದರು.

ನೆನಪಿರದೆ ಏನು? ಅವಳ ಅಣ್ಣ ಆದೀಶನ ಮದುವೆ ಮುಂದಿನ ಭಾನುವಾರ, ಅದೇ ಹಾಲ್‌ನಲ್ಲಿ. ಮೇ ತಿಂಗಳಿನ ಭಾನುವಾರಕ್ಕೆ ಹಾಲ್ ಸಿಗಬೇಕಾದರೆ ಪೂರ್ವಜನ್ಮದ ಪುಣ್ಯ ಬೇಕು, ಇಲ್ಲವೇ ಭರತರಾಜರ ಶಿಫಾರಸು ಬೇಕು.

ಶಿರ್ತಾಡಿಯ ಮನೆಯಲ್ಲಿ ಅಮ್ಮ ಕಮಲಾವತಿ ಸೀರೆಗಳನ್ನು ಹಾಸಿಗೆಯ ಮೇಲೆ ಹರವಿಕೊಂಡು ಕೂತಿದ್ದರು. ಸಾಧನಾ ಎಲ್ಲವನ್ನೂ ಹೇಳಿದಳು. ಅಮ್ಮ ಪೂರ್ತಿ ಕೇಳಿದರು ಎನ್ನುವುದೇ ದೊಡ್ಡದು. ಕೊನೆಗೆ, ಆ ದಿನ ಎಸಿ ಬೇಡ ಎಂದು ಹೇಳಲಿಕ್ಕೆ ಹೊರಟಿದ್ದೀಯಾ ಎಂದು ಕೇಳಿದರು. ಹುಡುಗಿಯ ಕಡೆಯವರು ಎಸಿ ಹಾಲ್ ಎಂದ ಮೇಲೆಯೇ ದಿನ ಒಪ್ಪಿಕೊಂಡದ್ದು. ಒಂದು ದಿನದ ಹಾಲಿಗೆ ಅಣ್ಣನ ಮರ್ಯಾದೆ ಕಳೀಬೇಡ ಮಾರಾಯ್ತಿ ಎಂದು ಸೀರೆಯ ಮಡಿಕೆ ಸರಿಮಾಡಿದರು. ಸಾಧನಾಳಿಗೆ ಪಿತ್ತ ನೆತ್ತಿಗೇರಿತು. ಎಲ್ಲರೂ ಒಂದೊಂದು ದಿನವನ್ನೇ ಕೇಳುವವರು. ಸೀಸನ್ ಪೂರ್ತಿ ದಿನಕ್ಕೊಬ್ಬರು ಬಂದು ಒಂದೇ ದಿನ ಎನ್ನುತ್ತಾರೆ. ನೆಲ್ಲಿಪಲ್ಕೆಗೆ ಮಾತ್ರ ಅದು ದಿನಾ.

ಅವಳು ವಾರವಿಡೀ ಸಣ್ಣ ಹಾಲ್‌ನ ರಿಪೋರ್ಟನ್ನು ಮುಟ್ಟಲಿಲ್ಲ. ಹಾಲ್‌ನ ಎಲೆಕ್ಟ್ರಿಷಿಯನ್ ವಿಟ್ಲದ ಫೈಝಲ್‌ನನ್ನು ಕಂಡು ಮಾತಾಡಿದಳು. ಕುಸುಮಳಿಗೆ ಫೋನ್ ಮಾಡಿದಳು. ಕುಸುಮ ಮೊದಲು ಎತ್ತಲಿಲ್ಲ, ಎತ್ತಿದ ಮೇಲೂ ಬಿಗಿಯಾಗಿಯೇ ಮಾತಾಡಿದಳು.

ಭಾನುವಾರ ಬಂತು. ಹೊರಗೆ ಡಾಮರು ಕರಗುವ ಬಿಸಿಲು, ಹಾಲ್‌ನ ಒಳಗೆ ಮಕ್ಕಳಿಗೆ ಸ್ವೆಟರ್ ಬೇಕೆನಿಸುವ ಚಳಿ. ಧಾರೆ ಮುಗಿಯಿತು. ಸಾಧನಾ ಮುಡಿ ತುಂಬ ಮಲ್ಲಿಗೆ ಮುಡಿದುಕೊಂಡು, ಬಂದವರಿಗೆಲ್ಲ ನಗು ತೋರಿಸುತ್ತಾ, ಹಲ್ಲು ಕಚ್ಚಿಕೊಂಡು ನಿಂತಿದ್ದಳು. ಅಣ್ಣನ ಮೇಲೆ ಅಕ್ಷತೆ ಹಾಕುವಾಗಲೂ ಅವಳ ಕಿವಿ ಮೇಲೆ ಗುಂಯ್‌ಗುಡುವ ಎಸಿಯ ಮೇಲೆಯೇ ಇತ್ತು. ಹನ್ನೆರಡೂವರೆಗೆ ಕುಸುಮಳ ಫೋನ್ ಬಂತು. ಕಂಪ್ರೆಸರ್ ನಿಂತು ಬಹಳ ಹೊತ್ತಾಯಿತು, ಹಾಲು ಬೆಚ್ಚಗಾಗುತ್ತಾ ಉಂಟು, ಟ್ಯಾಂಕರ್ ಎರಡೂವರೆಗೆ ಬರುತ್ತದೆ. ಇವತ್ತು ಹಾಲು ವಾಪಸಾದರೆ ಮುಗಿಯಿತು ಎಂದಷ್ಟೇ ಹೇಳಿ ಕುಸುಮ ಫೋನ್ ಇಟ್ಟಳು.

ಭರತರಾಜರು ಮೊದಲ ಪಂಕ್ತಿಗೆ ಕೈ ತೊಳೆದು ಬರುತ್ತಿದ್ದರು. ಸಾಧನಾ ಅಡ್ಡ ನಿಂತಳು.

"ಅಂದಾಜು ಬೇಡ, ಅಳತೆ ಬೇಕು ಅಂದಿದ್ದಿರಿ ಅಲ್ವಾ ಸರ್. ಬನ್ನಿ, ಅಳೆಯುವ."

ಊಟ ಮಾಡಿ ಹೋಗುವ ಎಂದರು ಅವರು. ಅವಳು ಜಾಗ ಬಿಡಲಿಲ್ಲ. "ನಿಮ್ಮ ಊಟ ಆಗುವಾಗ ಅಲ್ಲಿ ಹಾಲು ಒಡೆದಿರ್ತದೆ. ನೀವು ಬರದಿದ್ರೆ ನಾನು ಇಲ್ಲಿಯೇ, ಈ ಎಲೆಗಳ ಎದುರು ನಿಂತು, ನಮ್ಮ ರಿಪೋರ್ಟು ಹೇಗೆ ಆಗ್ತದೆ ಅಂತ ಹೇಳ್ತೇನೆ." ಸ್ವರ ಏರಿರಲಿಲ್ಲ. ಆದರೆ ಕೂತವರಲ್ಲಿ ಇಬ್ಬರು ಮೂವರು ಆಗಲೇ ತಲೆ ಎತ್ತಿದ್ದರು. ಭರತರಾಜರಿಗೆ ಜೀವನದಲ್ಲಿ ಹೆದರಿಕೆ ಇದ್ದದ್ದು ಒಂದಕ್ಕೇ, ನಾಲ್ಕು ಜನರ ಎದುರಿನ ರಂಪಕ್ಕೆ. ಒದ್ದೆ ಕೈಯನ್ನು ಶಾಲಿನಲ್ಲಿ ಒರೆಸಿಕೊಂಡು ಕಾರಿನ ಕಡೆ ನಡೆದರು. ಅವತ್ತು ರಜೆ ಹಾಕದ ಡ್ರೈವರ್ ಕಾರು ಹೊರಡಿಸಿದ. ಎರಡೂ ಬದಿಯ ತೋಟಗಳಲ್ಲಿ ಪಂಪುಗಳು ನೀರು ಉಗುಳುತ್ತಿದ್ದವು, ಅದನ್ನು ಮಾತ್ರ ಅವರು ಕಿಟಕಿಯಿಂದ ನೋಡುತ್ತಿದ್ದರು.

ನೆಲ್ಲಿಪಲ್ಕೆಯ ಸೊಸೈಟಿ ಎಂದರೆ ಶೀಟು ಹಾಕಿದ ಒಂದು ಕೋಣೆ, ಅದರ ನಡುವೆ ಸ್ಟೀಲಿನ ಕೂಲರು. ಹೊರಗೆ ಹಾಲು ಹಾಕುವ ಹೆಂಗಸರು ಕೂತಿದ್ದರು. ಮೂರು ದನ ಕಟ್ಟಿಕೊಂಡು ಸಂಸಾರ ಸಾಗಿಸುವ ಖತೀಜಮ್ಮ ಒದ್ದೆ ಗೋಣಿಚೀಲಗಳನ್ನು ತಂದು ಕೂಲರಿನ ಸುತ್ತ ಹೊದಿಸಿದ್ದರು. ಆ ಗೋಣಿಚೀಲಗಳನ್ನು ನೋಡಿ ಸಾಧನಾಳಿಗೆ ಸಿಟ್ಟು ಉಕ್ಕಿತು. ಅವಳು ಬ್ಯಾಗಿನಿಂದ ಮೀಟರನ್ನು ತೆಗೆದು ಜೋಡಿಸಿದಳು. ನೂರ ಎಪ್ಪತ್ತನಾಲ್ಕು.

"ಏನೂ ತೊಂದರೆ ಇಲ್ಲ ಅಂತ ಬರೆದ ಜಾಗ ಇದು ಸರ್" ಎಂದಳು.

ಮೀಟರ್ ಸರಿ ಉಂಟಾ ಎಂದು ಅವರು ಕೇಳಿದರು. ಮೀಟರ್ ಅವರದೇ ಕಚೇರಿಯದು. ಸಾಧನಾ ಫೈಝಲ್‌ಗೆ ಫೋನ್ ಹಚ್ಚಿ, ಒಂದನ್ನು ಆಫ್ ಮಾಡು ಎಂದಳು. ಮೀಟರ್ ನೂರ ಎಂಬತ್ತೈದಕ್ಕೆ ಏರಿತು. ಇನ್ನೊಂದು ಎಂದಳು. ನೂರ ತೊಂಬತ್ತನಾಲ್ಕು. ಮೂರನೆಯದು ಆಫ್ ಆದಾಗ ಇನ್ನೂರ ಒಂದು. ಕಂಪ್ರೆಸರ್ ಒಮ್ಮೆ ನರಳಿ ಓಡಲು ಹಿಡಿಯಿತು. ಹೊರಗೆ ಕೂತ ಹೆಂಗಸರು ಎದ್ದು ಬಾಗಿಲಿಗೆ ಬಂದರು.

ಭರತರಾಜರು ಮೀಟರಿನ ಎದುರು ಬಗ್ಗಿ ನಿಂತಿದ್ದರು. ಶಾಲು ಜಾರಿ ನೆಲಕ್ಕೆ ತಾಗುತ್ತಿದ್ದದ್ದು ಅವರಿಗೆ ಗೊತ್ತಾಗಲಿಲ್ಲ. ತುಟಿ ಅಲ್ಲಾಡುತ್ತಿತ್ತು. ಮೊದಲನೆಯದಕ್ಕೆ ಹನ್ನೊಂದು, ಎರಡನೆಯದಕ್ಕೆ ಒಂಬತ್ತು, ಮೂರನೆಯದಕ್ಕೆ ಏಳು. ಎಷ್ಟು ವರ್ಷ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೆರೆ ಅದು! ಹೊರೆ ಹೆಚ್ಚಾದಷ್ಟೂ ಕಡಿದಾಗುತ್ತಾ ಕೆಳಗೆ ಬೀಳುವ ಗೆರೆ. ಸಾಧನಾ ಅದನ್ನು ಕಲಿತದ್ದೇ ಅವರಿಂದ.

"ನಾವು ಎಷ್ಟು ಅಂತ ಬರೆದಿದ್ದೆವು?" ಎಂದು ಕೇಳಿದರು.

"ಒಂದಕ್ಕೆ ಮೂರು."

ಅಷ್ಟರಲ್ಲಿ ಅಂಕಿ ಜಾರಿತು. ನೂರ ತೊಂಬತ್ತು, ನೂರ ಎಂಬತ್ತು, ಮತ್ತೆ ನೂರ ಎಪ್ಪತ್ತು. ಕಂಪ್ರೆಸರ್ ಗಂಟಲು ಕಟ್ಟಿದ ಹಾಗೆ ಸದ್ದು ಮಾಡಿ ನಿಂತುಬಿಟ್ಟಿತು. ಸಾಧನಾಳ ಫೋನ್ ಹೊಡೆದುಕೊಂಡಿತು. ಅಮ್ಮ. ಹುಡುಗಿಯ ಅಜ್ಜಿ ಸೆಕೆಗೆ ಸುಸ್ತಾಗಿ ಕೂತಿದ್ದಾರೆ, ಬೀಗರು ಬೀಸಣಿಗೆ ಕೇಳುತ್ತಿದ್ದಾರೆ, ನಾಲ್ಕೂ ಎಸಿ ನಾನೇ ಹಾಕಿಸಿದೆ, ಶೆಟ್ರೇ ಬಂದು ನಿಂತಿದ್ದಾರೆ, ನೀನು ಇನ್ನು ಈ ಹಾಲ್‌ಗೆ ಕಾಲಿಡಬೇಡ ಎಂದು ಒಂದೇ ಉಸಿರಿಗೆ ಹೇಳಿ ಅಮ್ಮ ಫೋನ್ ಕುಕ್ಕಿದರು. ಸಾಧನಾ ಫೋನನ್ನು ಕೈಯಲ್ಲಿ ಹಿಡಿದೇ ನಿಂತಳು. ಸಿಟ್ಟಿಗೆ ಅಳು ಬರುವ ಕೆಟ್ಟ ಅಭ್ಯಾಸ ಅವಳಿಗಿತ್ತು. ಈಗ ಅಳುವುದಿಲ್ಲ ಎಂದು ತನಗೆ ತಾನೇ ಗದರಿಸಿಕೊಂಡಳು.

ಭರತರಾಜರು ತಮ್ಮ ಫೋನ್ ತೆಗೆದರು. ರಮಾನಾಥ ಶೆಟ್ರಿಗೆ, ಎಸಿಗಳನ್ನೆಲ್ಲ ಜನರೇಟರಿಗೆ ಹಾಕಿ ಎಂದರು. ಆಚೆಯಿಂದ ಶೆಟ್ರ ಸ್ವರ ಕೋಣೆಗೆಲ್ಲ ಕೇಳುತ್ತಿತ್ತು. ಕರೆಂಟು ಉಂಟಲ್ಲ ಸರ್, ಕರೆಂಟು ಇರುವಾಗ ಯಾರಾದರೂ ಜನರೇಟರ್ ಹಾಕ್ತಾರಾ ಎನ್ನುತ್ತಿದ್ದರು.

"ಕರೆಂಟು ನಿಮಗೆ ಉಂಟು ಶೆಟ್ರೇ" ಎಂದರು ಭರತರಾಜರು. "ಇಲ್ಲಿ ಇಲ್ಲ. ನಾನು ನೋಡ್ತಾ ಇದ್ದೇನೆ. ಹಾಕಿ."

ಸ್ವಲ್ಪ ಹೊತ್ತಿಗೆ ಮೀಟರ್ ಇನ್ನೂರು ದಾಟಿತು. ಕಂಪ್ರೆಸರ್ ಓಡಿತು, ಓಡುತ್ತಲೇ ಇತ್ತು. ಟ್ಯಾಂಕರ್ ಬರುವಾಗ ತಡವಾಗಿತ್ತು. ಆ ತಡ ಅವರನ್ನು ಉಳಿಸಿತು. ಡ್ರೈವರ್ ಹಾಲು ಪರೀಕ್ಷಿಸಿ, ಮೂತಿ ಸೊಟ್ಟ ಮಾಡಿ, ಇವತ್ತಿಗೆ ಆದೀತು ಎಂದು ಪೈಪು ಹಚ್ಚಿದ. ಖತೀಜಮ್ಮ ಗೋಣಿಚೀಲಗಳನ್ನು ಹಿಂಡಿ ಬೇಲಿಯ ಮೇಲೆ ಹರವಿದರು.

ಭರತರಾಜರ ಮುಖದಲ್ಲಿ ಒಂದು ಸಂತೋಷ ಕಂಡಿತು, ಒಳ್ಳೆಯ ಕೆಲಸ ಮಾಡಿ ಮುಗಿಸಿದವರ ಸಂತೋಷ. ಅದನ್ನು ನೋಡಿ ಸಾಧನಾಳಿಗೆ ಮತ್ತೆ ಉರಿಯಿತು. ಅವಳು ಬಾಯಿ ತೆರೆಯುವ ಮೊದಲೇ ಕುಸುಮ ಕೇಳಿದಳು.

"ನಾಳೆಯೂ ಮದುವೆ ಉಂಟು. ನಾಳೆಯೂ ನೀವು ಬಂದು ಫೋನ್ ಮಾಡ್ತೀರಾ ಸರ್?"

ಭರತರಾಜರು ನೆಲಕ್ಕೆ ತಾಗಿದ ಶಾಲನ್ನು ಎತ್ತಿ ಕೊಡವಿ ಹೆಗಲಿಗೆ ಹಾಕಿಕೊಂಡು ಕಾರಿಗೆ ಹೋದರು. ಕುಸುಮ ಸಾಧನಾಳಿಗೂ ಥ್ಯಾಂಕ್ಸ್ ಹೇಳಲಿಲ್ಲ. ಯಾಕೆ ಹೇಳಬೇಕು? ತನ್ನ ಕ್ಯಾನು ಇನ್ನೂ ನಿಮ್ಮ ಆಫೀಸಿನಲ್ಲೇ ಉಂಟು, ತೊಳೆದು ಕಳಿಸಿ ಎಂದಳು.

ಕಾರು ದೊಡ್ಡ ರಸ್ತೆಗೆ ಬಂದಾಗ ಭರತರಾಜರು, ನಮ್ಮ ರಿಪೋರ್ಟುಗಳಲ್ಲಿ ಆಟಿಯ ರೀಡಿಂಗಿನವು ಎಷ್ಟು ಇರಬಹುದು ಎಂದು ಕೇಳಿದರು.

"ಎಲ್ಲ" ಎಂದಳು ಸಾಧನಾ. ಬಂಟ್ವಾಳದ ಐಸ್ ಪ್ಲಾಂಟು, ಪುತ್ತಿಗೆಯ ಕ್ರಷರು, ಬೆಳ್ತಂಗಡಿಯ ಮೂರು ಮದುವೆ ಹಾಲ್‌ಗಳು ಎಂದು ಒಂದೊಂದಾಗಿ ಹೆಸರು ಹೇಳುತ್ತಾ ಹೋದಳು. ನಡುವೆ ಸಾಕು ಎಂದರು. ಅವಳು ನಿಲ್ಲಿಸಲಿಲ್ಲ. ಒಂದೊಂದರ ಬಾಲದಲ್ಲಿಯೂ ಯಾವುದೋ ಒಂದು ನೆಲ್ಲಿಪಲ್ಕೆ ಉಂಟಲ್ಲ, ಅಲ್ಲಿಂದ ಕ್ಯಾನು ಹೊತ್ತು ಬರಲಿಕ್ಕೆ ಒಬ್ಬಳು ಕುಸುಮ ಇಲ್ಲದ್ದರಿಂದ ನಮಗೆ ಗೊತ್ತಾಗಲಿಲ್ಲ ಅಷ್ಟೇ ಎಂದಳು. ಗುರು ಸಾಕು ಎಂದ ಮೇಲೂ ಅವಳು ಮಾತಾಡಿದ್ದು ಅದೇ ಮೊದಲು.

ಭರತರಾಜರು ಮುಂದೆ ಬಗ್ಗಿ ಡ್ಯಾಶ್‌ಬೋರ್ಡಿನ ಖಾನೆಯನ್ನು ತೆರೆದರು. ಒಳಗೆ ಮದುವೆ ಕರೆಯೋಲೆಗಳ ಕಟ್ಟು, ಅರಸಿನ ಕುಂಕುಮ ಹಚ್ಚಿದ ಮೂಲೆಗಳು. ಅದನ್ನು ಹಾಗೆಯೇ ಎತ್ತಿ ಅವಳ ಮಡಿಲಿಗೆ ಹಾಕಿದರು.

"ಪತ್ತನಾಜೆಯವರೆಗಿನ ಮದುವೆಗಳೆಲ್ಲ ಇದರಲ್ಲಿ ಉಂಟು, ಒಂದೊಂದಕ್ಕೂ ಅಳೆಯಲಿಕ್ಕೆ ಹೋಗುವ. ನೀನು ಬಾಲಕ್ಕೆ ಮೀಟರ್ ತೆಗೊಂಡು ಹೋಗು, ನಾನು ಹಾಲ್‌ನಲ್ಲಿ ಇರ್ತೇನೆ. ಊಟ ಆಮೇಲೆ." ಜೊತೆಗೆ, ಸಣ್ಣ ಹಾಲ್‌ನ ರಿಪೋರ್ಟು ಪತ್ತನಾಜೆಯ ಒಳಗೆ ಆಗುವುದಿಲ್ಲ, ಹಳೆಯದೂ ತಪ್ಪು ಎಂದು ಬರೆದು ಕೊಡುತ್ತೇವೆ, ಶೆಟ್ರಿಗೆ ನಾನೇ ಹೇಳುತ್ತೇನೆ ಎಂದರು.

ಸಾಧನಾ ಕರೆಯೋಲೆಗಳನ್ನು ಒಂದೊಂದಾಗಿ ಮಗುಚಿದಳು. ಕೊನೆಯಲ್ಲಿದ್ದದ್ದು ದಪ್ಪ ಕಾಗದದ್ದು, ಚಿನ್ನದ ಅಂಚಿನದು. ಭರತರಾಜರ ಮೊಮ್ಮಗಳು ಗ್ರೀಷ್ಮಾಳ ಮದುವೆ, ಬರುವ ಗುರುವಾರ. ಸ್ಥಳ, ರಮಾನಾಥ ಶೆಟ್ರ ಹಾಲ್. ಅವಳು ಅದನ್ನು ಎಲ್ಲದರ ಮೇಲಿಟ್ಟು, ಸ್ಥಳದ ಹೆಸರನ್ನು ಗಟ್ಟಿಯಾಗಿ ಓದಿದಳು.

ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಹಾಲ್‌ನ ಕಮಾನು ಕಾಣುವಷ್ಟು ಹತ್ತಿರ ಬಂದಾಗ ಹೇಳಿದರು. "ಫ್ಯಾನು ಸಾಕು. ಒಂದು ದಿನ ಬೆವರಲಿ ಎಲ್ಲರೂ."

"ಶುಕ್ರವಾರ ಸರ್?" ಎಂದು ಸಾಧನಾ ಕೇಳಿದಳು.

ಕಾರು ಹಾಲ್‌ನ ಅಂಗಳಕ್ಕೆ ತಿರುಗಿತು. ಒಳಗೆ ಕೊನೆಯ ಪಂಕ್ತಿ ಏಳುತ್ತಿತ್ತು, ಮೆಟ್ಟಿಲಲ್ಲಿ ಅಮ್ಮ ಸೊಂಟಕ್ಕೆ ಕೈಕೊಟ್ಟು ಕಾಯುತ್ತಿದ್ದರು. ಹಿಂದುಗಡೆಯಲ್ಲಿ ಶೆಟ್ರ ಜನರೇಟರ್ ಹೊಗೆ ಬಿಡುತ್ತಾ ಓಡುತ್ತಲೇ ಇತ್ತು. ಸಾಧನಾ ಕಾರಿನಿಂದ ಇಳಿಯುವ ಮೊದಲು ಕುಸುಮಳಿಗೆ ಫೋನ್ ಮಾಡಿ, ನಾಳೆ ಬೆಳಿಗ್ಗೆ ಕ್ಯಾನು ತೊಳೆದು ನಾನೇ ತರುತ್ತೇನೆ, ಒಂದು ಮೀಟರನ್ನೂ ತರುತ್ತೇನೆ, ಪತ್ತನಾಜೆಯವರೆಗೆ ಅದು ಅಲ್ಲಿಯೇ ಇರಲಿ ಎಂದಳು.